ಅಂಗೈ ತೆರೆಯುವ ಹೊತ್ತು

"ಮುಂಜಾನಿ ಎದ್ದ ಮ್ಯಾಲ ಕೈ ಸಡಿಲ ಆಗ್ಲಿಕ್ಕ ಎಷ್ಟು ಹೊತ್ತು ಹಿಡಿತದರಿ ಅವ್ವಾ?"

ಡಾಕ್ಟರ್ ಆರತಿ ಹೀಗೆ ಕೇಳಿದಾಗ ಗುಂಡಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಆರತಿ ಬೀದರಿನ ಹುಡುಗಿ. ಓದು ಮುಗಿಸಿ ಭಾಲ್ಕಿ ತಾಲೂಕಿನ ಈ ಸರಕಾರಿ ದವಾಖಾನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಮೊಣಕಾಲು, ಸೊಂಟ, ಕುತ್ತಿಗೆ ಎಂದು ನರಳುತ್ತ ಬಂದವರಿಗೆ ಹಿಂದಿನವರು ಮುಖ ನೋಡುವ ಮೊದಲೇ ಗುಳಿಗೆ ಬರೆದುಬಿಡುತ್ತಿದ್ದರು. ಇವಳು ಹಾಗಲ್ಲ. ಕೈ ಹಿಡಿದು, ಒಂದೊಂದೇ ಗೆಣ್ಣು ಒತ್ತಿ, ಒತ್ತುವಾಗ ಕೈಯನ್ನಲ್ಲ, ಕಣ್ಣನ್ನು ನೋಡುತ್ತಿದ್ದಳು. ಗುಂಡಮ್ಮ ಕಣ್ಣು ಅಲುಗಿಸಿರಲಿಲ್ಲ. ಹಲ್ಲು ಮಾತ್ರ ಕಚ್ಚಿಕೊಂಡಿದ್ದಳು.

"ಜರಾ ಹೊತ್ತರಿ."

"ಜರಾ ಅಂದ್ರ? ಚಾ ಕುಡಿಯೋತನಕಾ? ಇಲ್ಲಾ ಮನಿ ಮಂದಿಗೆಲ್ಲಾ ರೊಟ್ಟಿ ಬಡಿಯೋತನಕಾ?"

"ಚಾ ಕುಡಿಯೋತನಕ."

ಪಕ್ಕದಲ್ಲಿ ಕೂತಿದ್ದ ಸೊಸೆ ಸುವರ್ಣಾ ಗೋಡೆಗೆ ಅಂಟಿಸಿದ ಬಾಣಂತಿಯರ ಚಿತ್ರವನ್ನು ನೋಡತೊಡಗಿದಳು. ಅತ್ತೆ ಪೂಜೆ ಮುಗಿಯುವವರೆಗೆ ಚಹಾ ಮುಟ್ಟುವುದಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಬಿಸಿಲು ಅಂಗಳ ದಾಟಿ ಎದುರು ಗೋಡೆ ಹತ್ತಿರುತ್ತದೆ. ಅದು ಸುವರ್ಣಾಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಗುಂಡಮ್ಮನಿಗೂ ಗೊತ್ತಿತ್ತು. 

ಆರತಿ ಪೆನ್ನು ಕೆಳಗಿಟ್ಟಳು. "ನಾ ಯಾಕ ಕೇಳ್ತೇನಂದ್ರ, ದುಡದು ಸವದ ಗಂಟು ಎದ್ದು ನಾಕ ಹೆಜ್ಜಿ ಅಡ್ಡಾಡಿದ್ರ ಸಡಿಲ ಆಗ್ತದ. ತಾಸಗಟ್ಲೆ ಬಿಗಿದು ಕೂಡ್ತಾವ ಅಂದ್ರ ಅದು ಬ್ಯಾರೇ ರೋಗ. ಮನಿ ಕಾಯೋ ನಾಯಿ ಮನಿಯವರನ್ನೇ ಕಡದಂಗ. ನಿಮ್ಮ ಮೈ ನಿಮ್ಮ ಗೆಣ್ಣಿನ ಮ್ಯಾಲೇ ಬಿದ್ದದ ಅಂತ ನನಗ ಅನಸ್ತದ. ಬೀದರಕ್ಕ ಹೋಗಿ ರಕ್ತ ತೋರಸ್ರಿ. ಅದಕ್ಕ ಬ್ಯಾರೇ ಔಷಧ ಅದ."

"ಸೋಯಾ ರಾಶಿ ಮುಗೀಲಿರಿ ಮೇಡಂ."

"ರಾಶಿ ಕಾಯ್ತದ. ಗೆಣ್ಣು ಕಾಯಂಗಿಲ್ಲ. ಒಮ್ಮೆ ಸೊಟ್ಟ ಆತಂದ್ರ ತಿರುಗಿ ನೆಟ್ಟಗ ಮಾಡೋದು ನನ್ನಿಂದ ಆಗಂಗಿಲ್ಲ, ಯಾರಿಂದಾನೂ ಆಗಂಗಿಲ್ಲ." ಆಕೆ ಗುಳಿಗೆಯ ಎರಡು ಹಾಳೆ ಮುಂದಿಟ್ಟಳು. "ಅಲ್ಲಿತನಕ ನೋವಿಗೆ ಇದು. ಎರಡು ಹೊತ್ತು, ಉಂಡ ಮ್ಯಾಲ. ಇದು ಹೊಟ್ಟಿಗಿ. ಖಾಲಿ ಹೊಟ್ಟಿಲೆ ನೋವಿಂದು ಬಿಲ್ಕುಲ್ ತೊಗೋಬ್ಯಾಡ್ರಿ. ತಿಳೀತಿಲ್ಲೋ?"

"ತಿಳೀತರಿ."

ಹೊರಗೆ ಬಂದ ಮೇಲೆ ಮೆಹಕರದ ಹಾದಿಯಲ್ಲಿ ತಮ್ಮೂರಿಗೆ ಹೋಗುವ ಟಂಟಂ ರಿಕ್ಷಾಕ್ಕಾಗಿ ಇಬ್ಬರೂ ಬೇವಿನ ಮರದಡಿ ನಿಂತರು. ಸುವರ್ಣಾ ಸೀದಾ ರಸ್ತೆ ನೋಡುತ್ತಲೇ ಕೇಳಿದಳು:

"ಅತ್ತಿ, ನೀವು ಚಾ ಯಾವಾಗ ಕುಡಿತೀರಿ?"

"ದವಾಖಾನ್ಯಾಗ ನನ್ನ ಪೂಜಿ ಸುದ್ದಿ ಯಾಕ ಬೇಕ?"

"ಆಕಿ ಪೂಜಿ ಕೇಳಲಿಲ್ಲರಿ. ಕೈ ಕೇಳಿದ್ಲು."

"ನಿಮ್ಮ ಎಕಂಬಾದಾಗ ಮೊದಲು ಉಂಡು ಆಮ್ಯಾಲ ದೇವರಿಗಿ ಕೈ ಮುಗಿತೀರಿ. ನಡೀತದ. ಈ ಮನ್ಯಾಗ ನಡೆಯಂಗಿಲ್ಲ."

ಔರಾದ ತಾಲೂಕಿನ ಎಕಂಬಾ ಸುವರ್ಣಾಳ ತವರು. ಮದುವೆಯಾಗಿ ಬಂದಾಗಿನಿಂದ ಈ ಮಾತು ಕೇಳಿ ಕೇಳಿ ಅವಳಿಗೆ ಅಭ್ಯಾಸವಾಗಿತ್ತು. "ಟಂಟಂ ಬಂತು, ಹತ್ರಿ," ಎಂದಷ್ಟೇ ಹೇಳಿ, ಅತ್ತೆ ಕೈ ಊರಿ ಹತ್ತಲಾರಳೆಂದು ತಿಳಿದು, ಯಾರಿಗೂ ಕಾಣದ ಹಾಗೆ ಮೊಣಕೈ ಕೆಳಗೆ ಕೈಕೊಟ್ಟು ಎತ್ತಿದಳು.

*

ಆ ಮನೆಯಲ್ಲಿ ಲಿಂಗಪೂಜೆ ಆಗದೆ ಯಾರ ಬಾಯಿಗೂ ತುತ್ತು ಹೋಗುತ್ತಿರಲಿಲ್ಲ. ಗುಂಡಮ್ಮನ ಗಂಡ ಹಾವಗೆಪ್ಪ ನಸುಕಿನಲ್ಲೇ ಜಳಕ ಮಾಡಿ ಪೂಜೆ ಮುಗಿಸಿ ಹೊಲಕ್ಕೆ ಹೊರಡುತ್ತಿದ್ದ. ಮಗ ಅಮಿತಕುಮಾರ ಭಾಲ್ಕಿಯಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟವನು. ಅವನ ಪೂಜೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿಯುತ್ತಿತ್ತು, ಆದರೂ ತಪ್ಪುತ್ತಿರಲಿಲ್ಲ. ಗುಂಡಮ್ಮ ಮದುವೆಯಾಗಿ ಬಂದ ಮೊದಲ ದಿನದಿಂದ ತನ್ನ ಪೂಜೆಯನ್ನು ಒಲೆ ಹಚ್ಚುವ ಮೊದಲೇ ಮುಗಿಸುತ್ತ ಬಂದವಳು. ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ತಿರುವಿ, ಲಿಂಗ ಹೊರತೆಗೆದು, ಎಡ ಅಂಗೈಯಲ್ಲಿಟ್ಟು, ನೀರೆರೆದು, ಭಸ್ಮ ಹಚ್ಚಿ, ಪತ್ರಿ ಏರಿಸಿ, ಆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನೋಡುವುದು. ಇಷ್ಟೇ. ಗುಡಿ ಬೇಡ, ಪೂಜಾರಿ ಬೇಡ. ಬೇಕಾದದ್ದು ಅಲುಗದ ಒಂದು ಅಂಗೈ.

ಹೋದ ಬೇಸಿಗೆಯಲ್ಲಿ ಆ ಅಂಗೈ ಅಲುಗಿತು. ಮೊದಲು ಬೆರಳ ಬುಡಗಳು ಬಾತವು, ಆಮೇಲೆ ಮಣಿಕಟ್ಟು. ಬೆಳಗ್ಗೆ ಎದ್ದರೆ ಎರಡೂ ಕೈ ಯಾರೋ ಹಗ್ಗ ಸುತ್ತಿ ಬಿಗಿದ ಹಾಗೆ. ಹೊತ್ತೇರಿದಂತೆ ತಾನಾಗಿ ಸಡಿಲವಾಗುತ್ತಿದ್ದುದರಿಂದ ಬಿಸಿಲಿನ ಉಷ್ಣವೆಂದುಕೊಂಡಳು. ಒಂದು ಮುಂಜಾನೆ ಎತ್ತಿ ಹಿಡಿದ ಅಂಗೈ ಹಾಗೇ ವಾಲಿತು. ಲಿಂಗ ಜಾರಿ, ನೆಲಕ್ಕೆ ಬಡಿದು, ತೊಗರಿ ಚೀಲದ ಸಂದಿಗೆ ಉರುಳಿ ಹೋಯಿತು.

ಗುಂಡಮ್ಮನ ತಾಯಿ ಸಾಯಗಾಂವದವಳು, ಹಳೆಯ ಕಾಲದ ಕಟ್ಟುನಿಟ್ಟಿನ ಹೆಂಗಸು. "ಕೈಯಾಗಿನ ಲಿಂಗ ನೆಲಕ್ಕ ಬಿತ್ತಂದ್ರ ಮೈಯಾಗ ಜೀವ ಇರಬಾರದು," ಎಂದು ಆಕೆ ಹೇಳುತ್ತಿದ್ದುದನ್ನು ಗುಂಡಮ್ಮ ಲಂಗ ಉಡುವ ವಯಸ್ಸಿನಲ್ಲೇ ಕೇಳಿದ್ದಳು. ಅದು ಹೆದರಿಸಲು ಹೇಳುವ ಮಾತೆಂದು ಆಗ ಅನಿಸಿತ್ತು. ಅವತ್ತು ಚೀಲಗಳ ನಡುವೆ ಮೊಣಕಾಲೂರಿ, ಬೆರಳು ಮಡಚಲಾಗದೆ, ಎರಡು ಮಣಿಕಟ್ಟುಗಳ ನಡುವೆ ಲಿಂಗವನ್ನು ಹಿಡಿದೆತ್ತುವಾಗ ಹಾಗೆ ಅನಿಸಲಿಲ್ಲ. ಅವಳು ಸಾಯಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಮರುದಿನದಿಂದ ದೇವರ ಕೋಣೆಯ ಕದ ಒಳಗಿನಿಂದ ಹಾಕಿಕೊಂಡು, ಕೈ ತೆರೆಯುವ ತನಕ ಸುಮ್ಮನೆ ಕೂಡತೊಡಗಿದಳು. ಕರಡಿಗೆಯ ಮುಚ್ಚಳ ತಿರುವಲು ಬೆರಳಿಗೆ ಬಲ ಬಾರದ ದಿನ ಹಲ್ಲಿನಿಂದ ಕಚ್ಚಿ ತಿರುವಿದಳು. ಎಂಜಲಾದ ಬೆಳ್ಳಿಯನ್ನು ಸೆರಗಿನಿಂದ ಒರೆಸುವಾಗ ಪ್ರತಿಸಲವೂ ಅವಳ ಕಿವಿ ಬಿಸಿಯಾಗುತ್ತಿತ್ತು.

ಮನೆಯವರಿಗೆ ಕಂಡದ್ದು ಬೇರೆ. ಮೊದಲು ಅರ್ಧ ತಾಸಿನಲ್ಲಿ ಏಳುತ್ತಿದ್ದವಳು ಈಗ ಹೊತ್ತು ನೆತ್ತಿಗೆ ಬರುವ ತನಕ ಕೂಡುತ್ತಾಳೆ. ಮಾತು ಕಡಿಮೆಯಾಗಿದೆ. ಉಣ್ಣುವುದು ಕಡಿಮೆಯಾಗಿದೆ. ಕೈಗಳನ್ನು ಯಾವಾಗಲೂ ಸೆರಗಿನಲ್ಲಿ ಮುಚ್ಚಿಕೊಂಡಿರುತ್ತಾಳೆ. ಹಾವಗೆಪ್ಪ ಕಟ್ಟೆಯ ಮೇಲೆ ಕೂತಾಗ, ಯಾರೂ ಕೇಳದಿದ್ದರೂ, "ನಮ್ಮ ಮನಿಯಾಕಿ ಈಗ ಸಂಸಾರದಾಗಿಲ್ಲಪಾ," ಎನ್ನುತ್ತಿದ್ದ. ಹೇಳುವಾಗ ಅವನ ದನಿಯಲ್ಲಿ ಒಂದು ಭಯಮಿಶ್ರಿತ ಹೆಮ್ಮೆ ಇರುತ್ತಿತ್ತು. ಹೆಂಡತಿಗೆ ಎದುರಾದಾಗ ದನಿ ಇಳಿಸಿ ಮಾತಾಡುವುದನ್ನು ರೂಢಿಸಿಕೊಂಡ.

ಪಕ್ಕದ ಮನೆಯ ಕಾಂತಾಬಾಯಿ ಬಾಯಿ ಬಿಗಿಹಿಡಿಯುವ ಹೆಂಗಸಲ್ಲ. "ಗುಂಡಕ್ಕಾ, ನನಗೂ ಜರಾ ಕಲಿಸು. ನಾ ದೇವರ ಮುಂದ ಕುಂತ್ರ ಕಣ್ಣಮುಂದ ಬರೀ ಹಾಲಿನ ಗಂಗಾಳ, ಬೆಕ್ಕು ಬರ್ತಾವ," ಎಂದು ನಗುತ್ತ ಬಂದವಳು, ಹೋಗುವಾಗ ಗುಂಡಮ್ಮನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹೋದಳು. ಓರಗೆಯವಳು ಕಾಲು ಮುಟ್ಟಿದ ಆ ಗಳಿಗೆಯಲ್ಲಿ ಗುಂಡಮ್ಮ ಬಾಯಿ ತೆರೆದಿದ್ದಳು. ಮಾತು ಹೊರಬರಲಿಲ್ಲ. ಸುಳ್ಳು ಹೇಳಿದವರು ಸತ್ಯ ಹೇಳಿ ಬಿಡುಗಡೆಯಾಗಬಹುದು. ಅವಳು ಸುಳ್ಳನ್ನೇ ಹೇಳಿರಲಿಲ್ಲ, ಸುಮ್ಮನಿದ್ದಳು, ಅಷ್ಟೇ. ಆ ಸುಮ್ಮನಿರುವಿಕೆಗೆ ಊರೇ ಅರ್ಥ ಹಚ್ಚಿಕೊಂಡಿತು.

*

ಡಾಕ್ಟರು ಕೊಟ್ಟ ಗುಳಿಗೆ ಮೊದಲ ದಿನ ಉಂಡ ಮೇಲೆಯೇ ನುಂಗಿದಳು. ನಡುಮಧ್ಯಾಹ್ನದ ಊಟ ಅದು. ಸಂಜೆಯ ಹೊತ್ತಿಗೆ ಕೈ ಎಷ್ಟು ಹಗುರಾಯಿತೆಂದರೆ ಹಿಟ್ಟು ನಾದಲು ತಾನೇ ಕೂತಳು. ಮರುದಿನ ಬೆಳಗ್ಗೆ ಮತ್ತೆ ಅದೇ ಹಗ್ಗ. ಕದ ಹಾಕಿಕೊಂಡು ಕೂತವಳಿಗೆ ಹೊಳೆಯಿತು: ಈ ಗುಳಿಗೆ ಈಗ ನುಂಗಿದರೆ ಕೈ ಬೇಗ ತೆರೆಯುತ್ತದೆ. ಕೈ ತೆರೆದರೆ ಪೂಜೆ. ಪೂಜೆಯಾದರೆ ಊಟ. ಉಂಡ ಮೇಲೆ ಗುಳಿಗೆ ಎಂದರೆ ಡಾಕ್ಟರು. ಗುಳಿಗೆ ಇಲ್ಲದೆ ಊಟವೇ ಇಲ್ಲವಲ್ಲ. ಹಗ್ಗದ ಆ ತುದಿ ಈ ತುದಿ ಎರಡೂ ಒಂದೇ ಗಂಟಿನಲ್ಲಿ ಸಿಕ್ಕಿಕೊಂಡಿದ್ದವು.

ಗುಳಿಗೆ ಅನ್ನವಲ್ಲ ಎಂದು ಮನಸ್ಸಿಗೆ ಹೇಳಿಕೊಂಡಳು. ಒಂದು ಗುಟುಕು ನೀರಿನಲ್ಲಿ ನುಂಗಿದಳು. ಹೊಟ್ಟೆಯದೆಂದು ಕೊಟ್ಟ ಇನ್ನೊಂದು ಗುಳಿಗೆಯನ್ನು ಮುಟ್ಟಲಿಲ್ಲ, ನೋವು ಇದ್ದದ್ದು ಕೈಗೆ. ಹಾಳೆ ಮುಗಿದಾಗ ಖಾಲಿ ಹಾಳೆಯನ್ನೇ ಮಗನ ಕೈಗಿಟ್ಟು, ಭಾಲ್ಕಿಯಿಂದ ಅಂಥದ್ದೇ ತರಿಸಿದಳು. ಒಂದರಿಂದ ಆಗದಾಗ ಎರಡು ನುಂಗಿದಳು.

ಸೋಯಾ ರಾಶಿ ಮುಗಿಯಿತು. ಬೀದರಿನ ಸುದ್ದಿ ಯಾರೂ ಎತ್ತಲಿಲ್ಲ. ಸುವರ್ಣಾ ಎರಡು ಸಲ ಎತ್ತಿದಳು. ಎರಡೂ ಸಲ ಗುಂಡಮ್ಮ, "ಕೈ ಈಗ ಬೇಷ್ ಅವ," ಎಂದು ಅವಳ ಮುಂದೆಯೇ ರೊಟ್ಟಿ ಬಡಿದು ತೋರಿಸಿದಳು. ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಉಪವಾಸದ ಕಾವು ಅಂದುಕೊಂಡಳು. ಬಯಲಿಗೆ ಹೋದಾಗ ಮಲ ಕೀಲೆಣ್ಣೆಯ ಹಾಗೆ ಕಪ್ಪಗಿತ್ತು. ಗುರೆಳ್ಳಿನ ಕಪ್ಪು ಚಟ್ನಿಪುಡಿ ಹೆಚ್ಚು ತಿಂದೆನೇನೋ ಅಂದುಕೊಂಡಳು. ಮನುಷ್ಯ ಮುಚ್ಚಿಟ್ಟುಕೊಂಡದ್ದೊಂದಿದ್ದರೆ ಮೈ ಕೊಡುವ ಪ್ರತಿ ಸೂಚನೆಗೂ ಹತ್ತಿರದಲ್ಲೇ ಒಂದು ಕಾರಣ ಸಿಗುತ್ತದೆ.

*

ಅವತ್ತು ಜಳಕದಿಂದ ಬಂದಾಗಲೇ ಕಣ್ಣಿಗೆ ಮಬ್ಬು ಕವಿದಿತ್ತು. ಕದದ ಅಗಳಿ ಹಾಕಿ ಕೂತಳು. ಗುಳಿಗೆ ನುಂಗಿದಳು. ಕಾದಳು. ಹಲ್ಲಿನಿಂದ ಮುಚ್ಚಳ ತಿರುವಿ ಲಿಂಗವನ್ನು ಅಂಗೈಗೆ ಇಳಿಸಿಕೊಂಡಳು. ನೀರಿನ ಗಿಂಡಿಗೆ ಕೈ ಚಾಚಿದಾಗ ಕೋಣೆ ತಿರುಗಿತು. ಕಣ್ಣು ಬಿಟ್ಟಾಗ ಅವಳ ಕೆನ್ನೆ ಫರಶಿ ಕಲ್ಲಿನ ಮೇಲಿತ್ತು. ಲಿಂಗ ಗೋಡೆಯ ಬುಡದಲ್ಲಿತ್ತು, ಕೈಗೆ ಎಟುಕದಷ್ಟು ದೂರ. ಮೈಯೆಲ್ಲ ತಣ್ಣಗೆ ಬೆವೆತಿತ್ತು. ಎದೆ ಬಡಿಯುವುದು ಕಲ್ಲಿಗೆ ಕೇಳುತ್ತಿತ್ತು.

ಹೊರಗೆ ಪಡಸಾಲೆಯಲ್ಲಿ ಮಾತು ನಡೆದಿತ್ತು. ಭಾಲ್ಕಿಯ ಅಡತಿ ವ್ಯಾಪಾರಿ ಮಕ್ಬೂಲ ಸೋಯಾ ಚೀಲ ನೋಡಲು ಬಂದಿದ್ದ.

"ಮೆಲ್ಲಕ ಮಾತಾಡು ಮಕ್ಬೂಲಭಾಯಿ. ಮನಿಯಾಕಿ ಪೂಜಿಗಿ ಕುಂತಾಳ."

"ಇಷ್ಟೊತ್ತಿನತನಕ? ಬೇಷ್ ಅದರಿ ಹಾವಗೆಪ್ಪಣ್ಣ. ನಮ್ಮಾಕಿ ನಮಾಜ್ ಮುಗಿಸಿ ಚಾಪಿ ಮಡಚೂದ್ರಾಗ ನನ್ನ ಬೈಯೂದು ಸುರು ಮಾಡ್ತಾಳ."

ಹಾವಗೆಪ್ಪ ದನಿ ಅಡಗಿಸಿ ನಕ್ಕ. ನಕ್ಕದ್ದಕ್ಕೆ ನಾಚಿದವನ ಹಾಗೆ ಕೆಮ್ಮಿದ.

ಆಮೇಲೆ ಸುವರ್ಣಾಳ ದನಿ: "ಮಾವಾ, ಇವತ್ತ ಭಾಳ ಹೊತ್ತಾತರಿ. ಏನೋ ಬಿದ್ದಂಗ ಸಪ್ಪಳಾತು."

"ಗಿಂಡಿ ಇರಬೇಕು."

"ಕದ ಬಡೀಲೇನ್ರಿ?"

"ಪೂಜಿ ನಡುವ ಕದ ಬಡಿಬಾರದವ್ವಾ. ತಡಿ. ಬರ್ತಾಳ."

ಗುಂಡಮ್ಮ ಎಲ್ಲವನ್ನೂ ಕೇಳುತ್ತಿದ್ದಳು. ಕಾಲು ಚಾಚಿ ಪೂಜೆಯ ಗಂಟೆಯನ್ನು ಒದೆಯಬಹುದಿತ್ತು. ಕೂಗಬಹುದಿತ್ತು. ಕೂಗಿದರೆ ಕದ ಒಡೆಯುತ್ತಾರೆ, ಒಡೆದರೆ ಮೊದಲು ಕಾಣುವುದು ನೆಲದ ಮೇಲಿನ ಲಿಂಗ.

ಕೂಗದಿದ್ದರೆ? ಆ ವಿಚಾರ ಎಷ್ಟು ಮೃದುವಾಗಿ ಬಂದು ಪಕ್ಕದಲ್ಲಿ ಕೂತಿತೆಂದರೆ ಅವಳಿಗೆ ಹೆದರಿಕೆಯೇ ಆಗಲಿಲ್ಲ. ಹೀಗೇ ಕಣ್ಣು ಮುಚ್ಚಿದರೆ, ಪೂಜೆಯಲ್ಲಿ ಕೂತಲ್ಲೇ ಲಿಂಗದಲ್ಲಿ ಒಂದಾದಳು ಎನ್ನುತ್ತಾರೆ. ಭಸ್ಮ ಹಚ್ಚಿ, ಹೂವಿನ ವಿಮಾನದಲ್ಲಿ ಕೂಡಿಸಿ, ಭಜನೆ ಹೇಳುತ್ತ ಹೊಲಕ್ಕೆ ಒಯ್ಯುತ್ತಾರೆ. ಕಾಂತಾಬಾಯಿ ಎದೆ ಬಡಿದುಕೊಂಡು ಅಳುತ್ತ, ಎಂಥಾ ಸಾವು ಪಡಕೊಂಡು ಬಂದಿದ್ಲು ಎನ್ನುತ್ತಾಳೆ. ಗೋಡೆಯ ಬುಡದ ಲಿಂಗವನ್ನು ಕಂಡರೂ, ಜೀವ ಹೋದ ಕೈಯಿಂದ ಜಾರಿತೆಂದು ತಿಳಿಯುತ್ತಾರೆ. ಬೇಸಿಗೆಯ ಆ ಮುಂಜಾನೆ ಮಣ್ಣಿನಡಿ ಹೋಗುತ್ತದೆ. ತಾಯಿಯ ಮಾತೂ ನಡೆದಂತಾಗುತ್ತದೆ, ಸ್ವಲ್ಪ ತಡವಾಗಿ.

ಆದರೆ ಕೂಡಿಸಿ ಮಣ್ಣು ಮಾಡುವಾಗ ಆ ಎಡಗೈಯಲ್ಲಿ ಲಿಂಗ ಇಡುತ್ತಾರಲ್ಲ. ಆ ಸೊಟ್ಟ ಕೈಯನ್ನು ಬಿಡಿಸುವವರು ಯಾರು? ಯಾರು ಬಿಡಿಸುತ್ತಾರೋ ಅವರಿಗೆ ತಿಳಿಯುತ್ತದೆ. ಅವರೂ ತನ್ನ ಹಾಗೇ ಬಾಯಿ ಮುಚ್ಚಿಕೊಂಡು ಉಳಿದ ದಿನ ಕಳೆಯಬೇಕಾಗುತ್ತದೆ. ಅದು ಸುವರ್ಣಾಳೇ ಆಗಿರುತ್ತಾಳೆ. ಈ ಮನೆಯಲ್ಲಿ ಅಂಥ ಕೆಲಸ ಇನ್ನಾರಿಗೆ ಬರುತ್ತದೆ?

ಕದದ ಸಂದಿಯಲ್ಲಿ ಉಸಿರು ಕೇಳಿಸಿತು. ಸುವರ್ಣಾ ಬಾಗಿ, ಬೇರೆಯವರಿಗೆ ಕೇಳದ ಹಾಗೆ ಪಿಸುಗುಟ್ಟುತ್ತಿದ್ದಳು.

"ಅತ್ತಿ. ಕೈ ಬಿಟ್ಟಿಲ್ಲಂದ್ರ ಹೇಳ್ರಿ. ನನಗ ಮೊದಲಿನಿಂದಾನೂ ಗೊತ್ತದರಿ. ನಾ ಯಾರಿಗೂ ಹೇಳಂಗಿಲ್ಲ."

ಗುಂಡಮ್ಮ ನಾಲಿಗೆಯನ್ನು ಒದ್ದೆ ಮಾಡಿಕೊಂಡಳು. ಎಷ್ಟೋ ತಿಂಗಳಿಂದ ಆ ಕೋಣೆಯಲ್ಲಿ ಅವಳ ಬಾಯಿಂದ ಮಂತ್ರದ ಹೊರತು ಮಾತು ಬಂದಿರಲಿಲ್ಲ.

"ಸುವರ್ಣಾ. ಕದ ಒಡಿರಿ."

ಅಮಿತಕುಮಾರ ಹಾರೆ ತಂದು ಅಗಳಿ ಮುರಿದ. ಒಳಗೆ ಮೊದಲು ನುಗ್ಗಿದವಳು ಸುವರ್ಣಾ. ಅತ್ತೆಯ ಮುಖ ನೋಡಿದಳು, ಗೋಡೆಯ ಬುಡ ನೋಡಿದಳು. ಗಂಡ, ಮಾವ ಹೊಸ್ತಿಲು ದಾಟುವಷ್ಟರಲ್ಲಿ ಲಿಂಗವನ್ನು ಎತ್ತಿ ಕಣ್ಣಿಗೊತ್ತಿ, ಕರಡಿಗೆಯಲ್ಲಿಟ್ಟು, ಮುಚ್ಚಳ ತಿರುವಿ, ಅತ್ತೆಯ ಸೆರಗು ಸರಿ ಮಾಡಿದಳು. "ಗಾಡಿ ತರ್ರಿ, ಮೈ ಐಸ್ ಆಗ್ಯಾದ," ಎಂದು ಗಂಡನಿಗೆ ಹೇಳಿದ ದನಿಯಲ್ಲಿ ನಡುಕವಿರಲಿಲ್ಲ.

*

ಭಾಲ್ಕಿಯಲ್ಲಿ ಸಲಾಯಿನ್ ಏರಿಸಿ ಬೀದರಿಗೆ ಕಳಿಸಿದರು. ಬೀದರಿನ ದೊಡ್ಡ ದವಾಖಾನೆಯಲ್ಲಿ ರಕ್ತದ ಬಾಟಲಿ ಹಚ್ಚಿದರು. ಬಾಯಿಯಿಂದ ಕೊಳವೆ ಇಳಿಸಿ ನೋಡಿದರು. ಹೊಟ್ಟೆಯೊಳಗೆ ಹುಣ್ಣು, ಹುಣ್ಣಿನಿಂದ ರಕ್ತ ಸೋರಿದೆ ಎಂದರು. ನೋವಿನ ಗುಳಿಗೆಯಿಂದ ಹೀಗಾಗುತ್ತದೆ, ಖಾಲಿ ಹೊಟ್ಟೆಗೆ ನುಂಗುತ್ತಿದ್ದರೇ ಎಂದು ಕೇಳಿದರು.

"ಇಲ್ಲರಿ, ಉಂಡ ಮ್ಯಾಲೇ ತೊಗೊಂತಾಳರಿ," ಎಂದು ಹಾವಗೆಪ್ಪ ಆಣೆಯಿಟ್ಟಂತೆ ಹೇಳಿದ. ಸುವರ್ಣಾ ತಲೆ ತಗ್ಗಿಸಿದಳು. ಗುಂಡಮ್ಮ ಕಣ್ಣು ಮುಚ್ಚಿದ್ದಳು, ನಿದ್ದೆ ಬಂದಿರಲಿಲ್ಲ.

ರವಿವಾರ ಆರತಿ ಬಂದಳು. ರಜೆಗೆ ಮನೆಗೆ ಬಂದಿದ್ದಳು. ಸುವರ್ಣಾ ಫೋನ್ ಮಾಡಿದ್ದಳಂತೆ. ದವಾಖಾನೆಯ ಬಿಳಿ ಕೋಟಿಲ್ಲದೆ ಇನ್ನೂ ಚಿಕ್ಕವಳಾಗಿ ಕಂಡಳು. ಮಂಚದ ಅಂಚಿನಲ್ಲಿ ಕೂತು, ಈ ಸಲ ಏನೂ ಕೇಳದೆ, ಗುಂಡಮ್ಮನ ಎಡಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಗೆಣ್ಣು ಒತ್ತಲಿಲ್ಲ. ವಾರ್ಡಿನಲ್ಲಿ ಯಾರದೋ ಮಗು ಅಳುತ್ತಿತ್ತು, ಯಾರೋ ಡಬ್ಬಿ ತೊಳೆಯುತ್ತಿದ್ದರು. 

ಗುಂಡಮ್ಮ ಛಾವಣಿ ನೋಡುತ್ತ ಹೇಳಿದಳು. ನಸುಕಿನಿಂದ ಮಧ್ಯಾಹ್ನದ ತನಕ ಕೈ ಬಿಡುವುದಿಲ್ಲವೆಂದು. ಪೂಜೆಯಾಗದೆ ಉಣ್ಣಬಾರದೆಂದು. ಗುಳಿಗೆ ನುಂಗಿದರೆ ಕೈ ಬಿಡುತ್ತದೆಂದು. ಬೇಸಿಗೆಯಲ್ಲಿ ಲಿಂಗ ಬಿತ್ತೆಂದು. ಹಲ್ಲಿನಿಂದ ಮುಚ್ಚಳ ತೆಗೆಯುವುದನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದಳು.

ಆರತಿ ಆ ಕೈಯನ್ನು ತನ್ನೆರಡೂ ಕೈಗಳ ನಡುವೆ ಇಟ್ಟುಕೊಂಡಳು.

"ಉಂಡ ಮ್ಯಾಲ ಅಂತ ನಾ ಹೇಳ್ದೆ," ಎಂದಳು. "ನೀವು ಯಾವಾಗ ಉಣ್ತೀರಿ ಅಂತ ಕೇಳಲೇ ಇಲ್ಲ."

"ಕೇಳಿದ್ರ ನಾ ಹೇಳ್ತಿದ್ದಿಲ್ಲವ್ವಾ."

"ಹೇಳ್ತಿದ್ದಿಲ್ಲ ಅಂತ ನನಗೂ ಅನಸ್ತದ." ಇಬ್ಬರೂ ಸ್ವಲ್ಪ ನಕ್ಕಂತೆ ಮಾಡಿದರು. "ಈಗ ಖರೆ ಮಾತು ಕೇಳ್ರಿ. ನೋವಿನ ಗುಳಿಗಿ ಇನ್ನ ನಿಮಗ ಇಲ್ಲ. ಹುಣ್ಣು ಮಾಯಲಿ, ರಕ್ತದ್ದು ನೋಡಿ ಇಲ್ಲಿ ದೊಡ್ಡ ಡಾಕ್ಟರು ಬ್ಯಾರೇ ಗುಳಿಗಿ ಸುರು ಮಾಡ್ತಾರ. ಅದು ವಾರಕ್ಕ ಒಂದೇ ದಿನ. ದಿನಾ ನುಂಗಿದ್ರ ಜೀವಕ್ಕ ಬರ್ತದ. ನೆನಪಿರೂ ಹಂಗ ಒಂದು ವಾರ ಹೇಳ್ರಿ."

"ಸೋಮವಾರ."

ಆರತಿ ಹೂಂ ಎನ್ನಲು ಹೊರಟವಳು ತಡೆದಳು. "ಸೋಮವಾರ ಒಪ್ಪತ್ತು ಮಾಡ್ತೀರೇನು?"

"ಮಾಡ್ತೇನಿ."

"ಹಂಗಾರ ಸೋಮವಾರ ಬ್ಯಾಡ. ಬೇಸ್ತವಾರ ರಾತ್ರಿ, ಊಟಾದ ಮ್ಯಾಲ. ತಿಂಗಳಿಗೊಮ್ಮೆ ರಕ್ತ ನಾ ಅಲ್ಲೇ ನಮ್ಮ ದವಾಖಾನ್ಯಾಗ ನೋಡ್ತೇನಿ. ಗುಣಾ ಕಾಣ್ಲಿಕ್ಕ ಒಂದೆರಡು ತಿಂಗಳರ ಬೇಕು. ಅಲ್ಲಿತನಕ ಮುಂಜಾನಿ ಕೈ ಹಿಂಗೇ ಇರ್ತದ. ಬಿಸಿನೀರಾಗ ಇಡ್ರಿ, ಮಣಿಕಟ್ಟಿಗೆ ಪಟ್ಟಿ ಕೊಡಸ್ತೇನಿ."

"ಎಡಗೈ ಮೊದಲಿನಂಗ ಆಗ್ತದೇನವ್ವಾ?"

ಆರತಿ ಆ ಕೈಯನ್ನು ನೋಡಿದಳು. ಮಣಿಕಟ್ಟು ಒಂದು ಬದಿಗೆ ತಿರುಗಿತ್ತು, ಬೆರಳುಗಳು ಹೊರಗೆ ವಾಲಿದ್ದವು.

"ಆಗಂಗಿಲ್ಲರಿ. ನೋವು ಇಳೀತದ, ಬಾವು ಇಳೀತದ. ಇನ್ನ ಸೊಟ್ಟ ಆಗದಂಗ ತಡಿಬಹುದು. ಬಲಗೈ ಉಳಿಸಬಹುದು. ಇದು ಪೂರಾ ನೆಟ್ಟಗ ಆಗಂಗಿಲ್ಲ." ಆಮೇಲೆ ತಡೆತಡೆದು ಹೇಳಿದಳು: "ಪೂಜಿ ಬಗ್ಗೆ ನಾ ಹೇಳೋದು ಸರಿಯಲ್ಲ. ಅದು ನಿಮ್ಮ ಮನಿ ಮಾತು. ಹೊಟ್ಟಿ ಮಾತ್ರ ಕೈ ಸಲುವಾಗಿ ಕಾಯಬಾರದು. ಇಷ್ಟೇ ನನಗ ಗೊತ್ತಿರೋದು."

ಅವಳು ಎದ್ದಾಗ ಗುಂಡಮ್ಮ ಬಾಗಿಲ ಕಡೆ ಹೊರಳಿದಳು. ಹಾವಗೆಪ್ಪ ಅಲ್ಲಿ ನಿಂತಿದ್ದ. ಕೈಯಲ್ಲಿ ಎಳನೀರಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಎಳನೀರನ್ನು ಸೊಸೆಯ ಕೈಗೆ ಕೊಟ್ಟು, ಹೆಂಡತಿಯತ್ತ ನೋಡದೆ ಹೊರಟುಹೋದ.

"ಮಾವಾ ಕೇಳಿದ್ರು ಅತ್ತಿ," ಎಂದಳು ಸುವರ್ಣಾ.

"ಕೇಳ್ಲಿ."

ಅವತ್ತು ಅವನು ಮತ್ತೆ ಒಳಗೆ ಬರಲಿಲ್ಲ. ವರಾಂಡದಲ್ಲಿ ಕಂಬಳಿ ಹೊದ್ದು ಮಲಗಿದ್ದನೆಂದು ಸುವರ್ಣಾ ಹೇಳಿದಳು.

*

ಸೋಮವಾರ ಬೆಳಗ್ಗೆ ಡಾಕ್ಟರು ಬಂದು, ಇನ್ನು ಬಾಯಿಯಿಂದ ಕೊಡಬಹುದು, ಮೊದಲು ತಣ್ಣಗಿನ ಹಾಲು ಎಂದು ಹೇಳಿ ಹೋದರು. ಇಷ್ಟು ದಿನ ಬಾಟಲಿಯಿಂದ ನರಕ್ಕೆ ಇಳಿಯುತ್ತಿದ್ದುದು ಊಟವೋ ಅಲ್ಲವೋ ಎಂದು ಗುಂಡಮ್ಮ ವಿಚಾರ ಮಾಡುವ ಸ್ಥಿತಿಯಲ್ಲಿರಲಿಲ್ಲ. ಈಗ ಸ್ಟೀಲಿನ ಲೋಟ ಕಣ್ಣೆದುರಿಗೆ ಬಂದು ಕೂತಿತು. ಜಳಕವಿಲ್ಲ. ಪೂಜೆಯಿಲ್ಲ. ಅದೂ ಸೋಮವಾರ. ಅವಳ ಎರಡೂ ಕೈ ಹೊದಿಕೆಯ ಮೇಲೆ ಮರದ ಕೊರಡಿನ ಹಾಗೆ ಬಿದ್ದಿದ್ದವು. ಸುವರ್ಣಾ ಲೋಟ ಎತ್ತಿದಾಗ ಗುಂಡಮ್ಮ ಮುಖ ಗೋಡೆಗೆ ತಿರುಗಿಸಿದಳು. ಕುಡಿಯಬಾರದೆಂದಲ್ಲ. ತುಟಿ ತೆರೆಯಲು ಬರಲಿಲ್ಲ.

"ನೀ ಹೋಗಿ ಮುಖಾ ತೊಳಕೊಂಡು ಬಾ," ಎಂದಿತು ಹಾವಗೆಪ್ಪನ ದನಿ. ಸುವರ್ಣಾ ಎದ್ದು ಹೋದಳು.

ಅವನು ಸ್ಟೂಲ್ ಎಳೆದು ಕೂತ. ಗಡ್ಡ ಬೆಳೆದಿತ್ತು. ಹಣೆಯಲ್ಲಿ ಭಸ್ಮವಿರಲಿಲ್ಲ, ಅವನ ಹಣೆಯನ್ನು ಹಾಗೆ ಬೋಳಾಗಿ ಅವಳು ಎಂದೂ ಕಂಡಿರಲಿಲ್ಲ.

"ಅಮಿತನ ಅವ್ವಾ."

ಅವಳು ತಿರುಗಲಿಲ್ಲ. "ಕೈಯಿಂದ ಬಿತ್ತರಿ. ಬಿದ್ದಿದ್ದು ಮುಚ್ಚಿಟ್ಟೆ."

"ಕೇಳ್ದೆ."

ಆಮೇಲೆ ಅವನು ಸುಮ್ಮನಾದ. ಈ ಸುಮ್ಮನಿರುವಿಕೆಯ ಒಳಗೆ ಏನಿದೆ ಎಂದು ಅವಳಿಗೆ ತಿಳಿಯಲಿಲ್ಲ. ಊರ ಮಂದಿ ತನ್ನ ಮೌನದೆದುರು ನಿಂತಾಗ ಅವರಿಗೂ ಹೀಗೇ ಆಗಿತ್ತೇನೋ. ಕಾಣದ್ದನ್ನು ತಮಗೆ ಬೇಕಾದಂತೆ ತುಂಬಿಕೊಂಡರು. ಅವಳು ಈಗ ಕೆಟ್ಟದ್ದನ್ನು ತುಂಬಿಕೊಳ್ಳುತ್ತಿದ್ದಳು: ಈ ಮನುಷ್ಯ ಇನ್ನು ಕಟ್ಟೆಯ ಮೇಲೆ ಹೇಗೆ ಕೂಡುತ್ತಾನೆ?

"ನೋವು ಯಾವಾಗಿಂದ ಅದ?" ಎಂದು ಅವನು ಕೇಳಿದ.

"ಬ್ಯಾಸಗಿಲಿಂದ."

"ರಾಶಿಗಿ ಬಂದಾಗನೂ ಇತ್ತಾ? ಚೀಲದ ಬಾಯಿ ಹೊಲಿಯುವಾಗನೂ?"

"ಇತ್ತು."

"ನಾ ಕಟ್ಟಿ ಮ್ಯಾಲ ಕುಂತು..." ಅವನು ಮಾತು ನಿಲ್ಲಿಸಿ ತನ್ನ ಅಂಗೈಗಳನ್ನು ನೋಡಿಕೊಂಡ. ಒರಟು, ಚಪ್ಪಟೆ, ಗಟ್ಟಿ ಅಂಗೈಗಳು. "ಒಳಗ ನೀ ಕೈ ಹಿಡಕೊಂಡು ಕುಂತಿದ್ದಿ. ನಾ ಹೊರಗ ಮಂದಿಗಿ ಸುಮ್ಮ ಇರ್ರಿ ಅಂತಿದ್ದೆ. ಆ ದಿನಾನೂ ಅದೇ ಅಂದೆ. ಸುವರ್ಣಾ ನನ್ನ ಮಾತು ಕೇಳಿದ್ದಿದ್ರ ನೀ ಇರ್ತಿದ್ದಿಲ್ಲ."

ಗುಂಡಮ್ಮ ಈಗ ತಿರುಗಿದಳು.

"ನನಗೂ ಎರಡು ದಿನದಿಂದ ಜಳಕಿಲ್ಲ, ಪೂಜಿ ಇಲ್ಲ," ಅಂದ ಅವನು, ಪಕ್ಕದ ಮಂಚದವರಿಗೆ ಕೇಳದಂತೆ. "ನೀ ಒಳಗ ಕೊಳವಿ ಹಚಗೊಂಡು ಮಲಗಿದ್ದಿ. ನಾ ಕ್ಯಾಂಟೀನಿಗಿ ಹೋಗಿ ಚಾ ಕುಡದೆ. ಖಾರಿ ಬಿಸ್ಕೀಟನೂ ತಿಂದೆ. ಒಂದಲ್ಲ, ಮ್ಯಾಲಿಂದ ಮ್ಯಾಲ ತಿಂದೆ. ಭಾಳ ಹಸದಿತ್ತು."

ಅವಳ ತುಟಿ ಅಲುಗಿತು. "ಖಾರಿ ಹ್ಯಾಂಗಿತ್ತು?"

"ಮೆತ್ತಗಾಗಿತ್ತು. ಬೀದರದಾಗ ಇಂಥಾ ಖಾರಿ ಮಾರ್ತಾರಂದ್ರ."

ಅವನು ಲೋಟ ಎತ್ತಿಕೊಂಡ. ಇನ್ನೊಂದು ಕೈಯನ್ನು ಅವಳ ಕುತ್ತಿಗೆಯ ಕೆಳಗೆ ತೂರಿಸಿ ತಲೆಯನ್ನು ಸ್ವಲ್ಪ ಎತ್ತಿದ. ಮಗನಿಗೂ ಅವನು ಹೀಗೆ ಕುಡಿಸಿದವನಲ್ಲ. ಲೋಟ ಬಾಗಿಸುವ ಅಳತೆ ತಿಳಿಯದೆ ಮೊದಲ ಗುಟುಕು ಗಲ್ಲದ ಮೇಲಿಂದ ಕೊರಳಿಗೆ ಇಳಿಯಿತು. ಟವೆಲಿನಿಂದ ಒರೆಸಿದ.

"ಪೂಜಿ?" ಎಂದಳು ಅವಳು. ಅದು ತಕರಾರಾಗಿರಲಿಲ್ಲ. ಅವನಿಗೇನಾದರೂ ಗೊತ್ತಿದೆಯೇ ಎಂದು ಕೇಳಿದಂತಿತ್ತು.

"ಮಧ್ಯಾಹ್ನ ಕೈ ಬಿಟ್ಟಾಗ ಮಾಡು. ಇಲ್ಲೇ ಕುಂತು. ಬಿಡಲಿಲ್ಲಂದ್ರ ನಿನ್ನ ಅಂಗೈ ಕೆಳಗ ನಾ ಕೈ ಹಿಡಿತೇನಿ."

"ಅದು ಸರಿನಾ?"

"ನನಗ ಗೊತ್ತಿಲ್ಲ," ಎಂದ ಹಾವಗೆಪ್ಪ. ಮೂವತ್ತು ವರ್ಷದ ಸಂಸಾರದಲ್ಲಿ ದೇವರ ವಿಷಯಕ್ಕೆ ಅವನು ಹಾಗೆಂದದ್ದು ಅದೇ ಮೊದಲು. "ಕುಡಿ."

ಗುಂಡಮ್ಮ ಕುಡಿದಳು. ಹಾಲು ತಣ್ಣಗೆ, ಸಕ್ಕರೆಯಿಲ್ಲದೆ, ಗಂಟಲಿನಿಂದ ಮೆಲ್ಲಗೆ ಕೆಳಗಿಳಿಯಿತು. ಇಳಿಯುವ ದಾರಿಯಲ್ಲಿ ಎಲ್ಲೂ ಏನೂ ಆಗಲಿಲ್ಲ.